ಮಾವ ಹಾಕಿದ ಗೇಟು

ನಮ್ಮ ಸೋದರಮಾವನಿಗೆ ಸ್ವರ್ಗ ಸಿಗುವುದು ಖಂಡಿತ. ಆದರೆ ತಾವು ಒಳಗೆ ಹೋದ ತಕ್ಷಣ ಬಾಗಿಲು ಹಾಕಿ ಚಿಲಕ ಜಡಿಯುತ್ತಾರಲ್ಲ, ಹಿಂದೆ ಬರುವ ನಮ್ಮ ಗತಿ ಏನು?

ಯಸಳೂರಿನ ಆಚೆ ಅವರ ಕಾಫಿ ತೋಟ. ದನ ನುಗ್ಗೀತೆಂದು ಆ ಕಡೆ ಎಲ್ಲರೂ ಗೇಟು ಹಾಕಿಯೇ ಮುಂದೆ ಹೋಗುವುದು ವಾಡಿಕೆ. ಮಾವನದು ವಾಡಿಕೆಯಲ್ಲ, ವ್ರತ! ಸಕಲೇಶಪುರದ ಬಸ್ಸು ಹತ್ತಿದವರು ಗೇಟಿನ ನೆನಪಾಗಿ ಅರ್ಧ ದಾರಿಯಲ್ಲಿ ಇಳಿದು ಬಂದದ್ದುಂಟು. ಆನೆ ಬೇಲಿ ಮುರಿದು ಹೋದ ಮೇಲೂ ಪಕ್ಕದ ಗೇಟಿಗೆ ಬೀಗ ಹಾಕಿದ್ದಾರೆ. ಬಾಳ್ಳುಪೇಟೆಯ ಮದುವೆಯೊಂದರಲ್ಲಿ ಛತ್ರದ ಗೇಟನ್ನೂ ಹಾಕಿ ಊಟಕ್ಕೆ ಕೂತರು. ದಿಬ್ಬಣ ಹೊರಗೇ ನಿಂತಿತ್ತು; ಇವರು ಒಳಗೆ ವಾಲಗಕ್ಕೆ ತಲೆದೂಗುತ್ತಿದ್ದರು.

ಇಂಥವರ ಮನೆಗೆ ಇಂಟರ್‌ನೆಟ್ ಬಂತು. ವೈರು ಎಳೆಯಲು ಬಂದವನು ಬಾಯಿ ಮುಚ್ಚಿಕೊಂಡಿರದೆ, ಈ ಪೆಟ್ಟಿಗೆಯಲ್ಲಿ ಪೋರ್ಟ್ ಅಂತ ಸಾವಿರಾರು ಬಾಗಿಲಿವೆ, ಒಂದೊಂದು ಕೆಲಸಕ್ಕೆ ಒಂದೊಂದು ನಂಬರು ಎಂದು ವಿವರಿಸಿ ಹೋದ. ಮಾವನಿಗೆ ಅವತ್ತು ಊಟ ಸೇರಲಿಲ್ಲವಂತೆ.

ಅತ್ತೆ ವಚನ ಹಾಡಿದರೆ ಕೇಳುವವರು ಅಲ್ಲಾಡುತ್ತಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಗುನುಗುವುದನ್ನೂ ಬಿಟ್ಟಿದ್ದರು. ಆಲೂರು ಕಡೆಯ ಕೆಲವು ಹೆಂಗಸರು ಕಂಪ್ಯೂಟರಿನಲ್ಲೇ ಕಲಿಸಿ ಎಂದು ದುಂಬಾಲು ಬಿದ್ದು ಹೇಗೋ ಒಪ್ಪಿಸಿದರು. ಮೊದಲ ಪಾಠದ ದಿನ ಸಹಾಯಕ್ಕೆಂದು ಮಾವ ನನ್ನನ್ನು ಕರೆಸಿದರು. ಕ್ಲಾಸಿನ ಸಾಫ್ಟ್‌ವೇರ್ ತೆರೆಯಿತು. ಕ್ಲಾಸು ನಡೆಯುವ ಆಚೆ ಕಡೆಯ ಸರ್ವರ್ ಮಾತ್ರ ಸಿಗಲಿಲ್ಲ.

"ನಂಗೆ ಹಾಡೋ ಯೋಗ ಇಲ್ಲ ಬಿಡು ಕಣೋ" ಎಂದು ಅತ್ತೆ ಎದ್ದರು. ಅವರು ಅಂದು ಎದ್ದರೆ ಮತ್ತೆ ಕೂರುವುದಿಲ್ಲವೆಂದು ಮಾವನಿಗೂ ಗೊತ್ತು, ನನಗೂ ಗೊತ್ತು. ಮಾವ ಕೈಹಿಡಿದು ಕೂರಿಸಿದರು.

ತೋಟದಲ್ಲಿ ಆಚೆ ಗುಡ್ಡದವರಿಗೆ ಕೂ ಹಾಕಿ ನೋಡುತ್ತಾರಲ್ಲ, ಹಾಗೆ ನಾನು ಸರ್ವರಿಗೆ ಪಿಂಗ್ ಹಾಕಿದೆ. ಉತ್ತರ ಬಂತು.

"ಓಗೊಟ್ಟ ಮೇಲೆ ಮನೇಲೇ ಅವ್ನೆ ಅಂತಾಯ್ತು. ಬಾಗ್ಲು ಯಾಕೆ ತೆಗಿಯಲ್ಲ?" ಎಂದು ಮಾವ ಸರ್ವರಿನ ಮೇಲೆ ಸಿಟ್ಟಾದರು.

ಹವಾಮಾನದ ಸೈಟು, ಕಾಫಿ ರೇಟು ಎಲ್ಲ ಸಲೀಸಾಗಿ ಬರುತ್ತಿದ್ದವು. ಸಾಫ್ಟ್‌ವೇರ್ ಬೇರೊಂದು ಪೋರ್ಟಿನ ನಂಬರು ಹೇಳಿ ದಾರಿಯಿಲ್ಲ ಎನ್ನುತ್ತಿತ್ತು. ಅಷ್ಟರಲ್ಲಿ, ತಾವೆಲ್ಲ ಆಗಲೇ ಕ್ಲಾಸಿನೊಳಗೆ ಸೇರಿ ಕಾಯುತ್ತಿದ್ದೇವೆಂದು ಆಲೂರಿನ ಹೆಂಗಸರ ಫೋನು. ಆ ಕಡೆ ಬಾಗಿಲು ತೆರೆದೇ ಇದೆ ಎಂದಾಯಿತು. ಮುಚ್ಚಿರುವುದು ಯಾವ ಕಡೆ? ನಾನು ನಿಧಾನವಾಗಿ ಮಾವನತ್ತ ತಿರುಗಿದೆ.

"ಏನಿಲ್ಲ ಮಾರಾಯ, ಆ ವೈರಿನವನಿಗೇ ಫೋನ್ ಮಾಡಿ ಕೇಳ್ಕೊಂಡೆ. ಸೈಟ್ ನೋಡೋಕೆ ಎರಡು ಬಾಗ್ಲು ಬಿಟ್ಟು ಮಿಕ್ಕಿದ್ದೆಲ್ಲ ಹಾಕ್ಬುಟ್ಟೆ" ಎಂದರು ಮಾವ, ಹೆಮ್ಮೆಯಿಂದಲೇ.

ಮಾತು ಮುಗಿಯುವಷ್ಟರಲ್ಲಿ ಅವರಿಗೇ ಅರ್ಥವಾಯಿತು. ಆ ಮುಖ ನೋಡಬೇಕಿತ್ತು! ನಾನು ತೋರಿಸಿದ ಕಡೆ ತಾವೇ ಒತ್ತಿ, ಆ ಒಂದು ನಂಬರನ್ನು ತೆರೆದರು.

ಪರದೆಯ ತುಂಬ ಹೆಂಗಸರ ನಗುಮುಖಗಳು. ಅತ್ತೆ ಕೆಮ್ಮಿ ಶುರುಮಾಡಿದರು. ಮೊದಲ ಸಾಲಿಗೆ ದನಿ ಒಡೆಯಿತು. ಎರಡನೆಯದಕ್ಕೆ ನೆಲೆನಿಂತು ಹಾಡು ಸಾಗಿತು. ತಿರುಗಿ ನೋಡಿದರೆ ಮಾವ, ಗಾಳಿಗೆ ಮುಚ್ಚಿಕೊಳ್ಳುತ್ತಿದ್ದ ಕೋಣೆಯ ಬಾಗಿಲಿಗೆ ಕಾಲು ಅಡ್ಡಕೊಟ್ಟು ನೆಲದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಕಿಟಕಿಯಾಚೆ ಅಂಗಳದ ಗೇಟು ಹಾರುಹೊಡೆದಿತ್ತು. ಯಾರದೋ ದನ ಒಳಗೆ ಬಂದು ಅತ್ತೆಯ ಡೇರೆ ಹೂವಿನ ಗಿಡ ಮೇಯುತ್ತಿತ್ತು. ಮಾವ ಅದನ್ನು ನೋಡಿದರು. ಏಳಲಿಲ್ಲ.

ನಾನೇ ಹೋಗಿ, ಸದ್ದಾಗದ ಹಾಗೆ ದನವನ್ನು ಹೊರಗಟ್ಟಿ, ಗೇಟು ಹಾಕಿ ಬಂದೆ.