ದೇಶಗಳು ರಾಜಿಯಾದವು, ಶೆಟ್ರು ಬರಲಿಲ್ಲ

ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಯಾರಾದರೂ ಬುದ್ಧಿ ಹೇಳಿದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಹೇಳುವವರಿಗೆ ಏನು? ಅವರ ಮನೆಯಲ್ಲಿ ನಮ್ಮ ಮನೆಯವರಿಲ್ಲ, ಪಕ್ಕದ ಮನೆಯಲ್ಲಿ ಶೆಟ್ರಿಲ್ಲ. ನಾನೇನು ಹುಟ್ಟಿನಿಂದ ಸಿಟ್ಟಿನವಳಲ್ಲ. ನನ್ನನ್ನು ನೋಡಲು ಬಂದಿದ್ದ ನನ್ನ ಅತ್ತೆ, "ಹೆಣ್ಣ್ ಪಾಪ, ಬಾಯೇ ಇಲ್ಲೆ" ಎಂದು ಒಪ್ಪಿಕೊಂಡು ಹೋಗಿದ್ದರಂತೆ. ಆ ಮಾತು ನೆನಪಾದಾಗಲೆಲ್ಲ ನಮ್ಮ ಮನೆಯವರು "ಅಮ್ಮಂಗೆ ಆಗ್ಳೇ ಕಣ್ಣಿಗ್ ಪೊರೆ ಬಂದಿತ್ತ್ ಕಾಣ್" ಎನ್ನುತ್ತಾರೆ. ಬಾಯಿ ಬಂದದ್ದು ಇವರ ಕೈ ಹಿಡಿದ ಮೇಲೆ ಎಂಬುದು ಅವರಿಗೆ ಇವತ್ತಿಗೂ ಹೊಳೆದಿಲ್ಲ.

ಈಗಿನ ನನ್ನ ಸಿಟ್ಟಿಗೆ ಕಾರಣ ಎರಡು ದೇಶಗಳು. ಯಾವ ದೇಶಗಳು ಎಂದು ಹೇಳುವುದಿಲ್ಲ. ಹೇಳಿದರೆ ಓದುತ್ತಿರುವ ನೀವೂ ಈ ಕಡೆಯವರು ಆ ಕಡೆಯವರು ಎಂದು ಎರಡು ಪಾಲಾಗಿ, ನಿಮ್ಮ ಮನೆಯಲ್ಲೂ ಮಾತು ನಿಂತೀತು. ಅವೆರಡೂ ಅಕ್ಕಪಕ್ಕದ ದೇಶಗಳು, ನಾನು ಕಣ್ಣು ಬಿಡುವ ಮೊದಲಿನಿಂದಲೂ ಹಾವು ಮುಂಗುಸಿಯ ಹಾಗೆ ಇದ್ದವು, ಮತ್ತು ನಮ್ಮೂರು ಕೋಟದಿಂದ ತುಂಬ ದೂರ. ಇಷ್ಟು ತಿಳಿದರೆ ಸಾಕು. ಎಷ್ಟು ದೂರ ಎಂದರೆ ಅಲ್ಲಿ ಹೋಟೆಲ್ ಇಟ್ಟ ಕುಂದಾಪುರದವರು ಒಬ್ಬರೂ ನನಗೆ ಗೊತ್ತಿಲ್ಲ. ನಮ್ಮವರು ಹೋಗಿ ಹೋಟೆಲ್ ಇಡದ ಜಾಗ ಎಂದರೆ ಅದು ನಮಗೆ ಸಂಬಂಧವೇ ಇಲ್ಲದ ಜಾಗ ಎಂದೇ ಲೆಕ್ಕ. ಆದರೂ ಆ ದೇಶಗಳ ದೆಸೆಯಿಂದ ನನ್ನ ಮನೆಯ ಮೀನು ಸಾರಿನ ರುಚಿ ಕೆಟ್ಟಿದೆ.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮಾಸ್ಟ್ರಾಗಿದ್ದವರು. ಜೀವಮಾನವಿಡೀ ಮಕ್ಕಳಿಗೆ ದೇಶಗಳ ರಾಜಧಾನಿ ಬಾಯಿಪಾಠ ಮಾಡಿಸಿದರು. ನಿವೃತ್ತಿಯಾದ ಮೇಲೆ ಹೇಳಲು ಮಕ್ಕಳಿಲ್ಲದೆ ಚಡಪಡಿಸುತ್ತಿದ್ದಾಗ ಪಕ್ಕದ ಜಾಗದಲ್ಲಿ ಶೆಟ್ರು ಮನೆ ಕಟ್ಟಿಸಿ ಬಂದರು. ಮುಂಬೈಯಲ್ಲಿ ಹೋಟೆಲ್ ನಡೆಸಿ ದಣಿದು ಊರು ಸೇರಿದವರು. ದಿನಾ ಸಂಜೆ ನಮ್ಮ ಜಗಲಿಯಲ್ಲಿ ಇಬ್ಬರೂ ಕೂತು, ಕಿಟಕಿಯಿಂದ ಕಾಣುವ ಟಿವಿಯಲ್ಲಿ ವಾರ್ತೆ ನೋಡುತ್ತಾ, ಚಾ ಕುಡಿಯುತ್ತಾ, ಜಗತ್ತನ್ನು ಸರಿ ಮಾಡುತ್ತಿದ್ದರು. ಹಿಂದಿನ ಬಾಗಿಲಲ್ಲಿ ನಾನು ಮತ್ತು ಶೆಟ್ರ ಹೆಂಡತಿ ಗಿರಿಜಕ್ಕ ಒಟ್ಟಿಗೆ ಕೂತು ಮೀನು ಕೊಯ್ದು ತೊಳೆಯುತ್ತಿದ್ದೆವು. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದಾಳು ದಾಟುವಷ್ಟು ದಾರಿ ಬಿಟ್ಟಿದ್ದರು. ಅವರ ಮಗಳು ಸುಪ್ರೀತಾ ಶಾಲೆ ಬಿಟ್ಟವಳೇ ಆ ದಾರಿಯಲ್ಲಿ ನುಗ್ಗಿ ಬಂದು ನನ್ನ ಹೊಲಿಗೆ ಮೆಷಿನಿನ ಕೆಳಗೆ ಬಟ್ಟೆಯ ಚೂರು ಹೆಕ್ಕುತ್ತಾ ಕೂರುತ್ತಿದ್ದಳು. ನಾನು ಟೈಲರ್. ಅವಳ ಫ್ರಾಕು, ಲಂಗ, ಯೂನಿಫಾರ್ಮು, ಕಾಲೇಜಿನ ಚೂಡಿದಾರ ಎಲ್ಲಕ್ಕೂ ನನ್ನದೇ ಕತ್ತರಿ. ನನಗೆ ಮಕ್ಕಳಿಲ್ಲ. ಆ ಹುಡುಗಿ "ದೊಡ್ಡಮ್ಮಾ" ಎಂದು ಕೂಗಿದರೆ ಅದು ನನಗೆ ನೆನಪಾಗುತ್ತಲೂ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ ಟಿವಿಯಲ್ಲಿ ಆ ಎರಡು ದೇಶಗಳ ಗಡಿ ತಂಟೆ ಬಂತು. ನಮ್ಮ ಮನೆಯವರು ಒಂದು ದೇಶ ಹಿಡಿದರು. ಶೆಟ್ರು ಇನ್ನೊಂದು ಹಿಡಿದರು. ಮಾತು ಬೆಳೆಯಿತು. ಶೆಟ್ರು ಎದ್ದು ನಿಂತು, "ಮಾಸ್ಟ್ರೇ, ನಿಮ್ಗೆ ಭೂಪಟ ಕಾಂಬುಕೇ ಬತ್ತಿಲ್ಲೆ" ಎಂದುಬಿಟ್ಟರು. ಸಮಾಜ ಪಾಠದ ಮಾಸ್ಟ್ರಿಗೆ ಹೇಳುವ ಮಾತೇ ಅದು? ಇವರೂ ಸುಮ್ಮನಿರಬೇಕಲ್ಲ! "ಇಡ್ಲಿ ಬೇಯ್ಸುದೂ ದೇಶ ಆಳುದೂ ಒಂದೇ ಅಲ್ಲ ಶೆಟ್ರೇ" ಎಂದರು. ಶೆಟ್ರು ಅರ್ಧ ಕುಡಿದ ಚಾ ಅಲ್ಲೇ ಇಟ್ಟು ಹೋದರು. ವಾರ ಕಳೆಯುವುದರೊಳಗೆ ಗೋಡೆಯ ದಾರಿಗೆ ಆ ಕಡೆಯಿಂದ ಶೆಟ್ರು ಕೆಂಪುಕಲ್ಲು ಕಟ್ಟಿಸಿದರು, ಈ ಕಡೆಯಿಂದ ನಮ್ಮ ಮನೆಯವರು ಸಿಮೆಂಟು ಮೆತ್ತಿಸಿದರು. ಮಾತು ಬಿಟ್ಟ ಮೇಲೆ ಇಬ್ಬರೂ ಒಮ್ಮತದಿಂದ ಮಾಡಿದ ಕೆಲಸ ಅದೊಂದೇ.

ಅಲ್ಲಿಂದ ನಾಲ್ಕು ವರ್ಷ ನಾನು ಮತ್ತು ಗಿರಿಜಕ್ಕ ಮಾತಾಡಿದ್ದೆಲ್ಲ ರಸ್ತೆಯಲ್ಲಿ. ಹಂಗಾರಕಟ್ಟೆಯಿಂದ ಮೀನು ತರುವ ಪದ್ದಕ್ಕನ ಆಟೋ ನಿಂತರೆ ಇಬ್ಬರೂ ಪಾತ್ರೆ ಹಿಡಿದು ಓಡುವುದು. ಅದು ನಮ್ಮ ತಟಸ್ಥ ರಾಷ್ಟ್ರ. ಬಂಗುಡೆ ಆರಿಸುವ ನೆವದಲ್ಲಿ ಮನೆಯ ಸುದ್ದಿಯೆಲ್ಲ ಮುಗಿಸಬೇಕು. ಪದ್ದಕ್ಕ ಬೈಯುತ್ತಾಳೆ, "ಹ್ವಾಯ್, ಆರ್ಸಿ ಆರ್ಸಿ ಮೀನಿನ ಕಣ್ಣೆಲ್ಲ ಕಿತ್ತ್ ಬಂತ್! ನಿಮ್ ಗಂಡಂದಿರಿಗೆ ಮಾತ್ ಬಪ್ಪು ಮದ್ದ್ ಎಲ್ಲಾದ್ರೂ ಸಿಕ್ಕುದಾ ಕಾಣಿ." ಜಗಳ ಮಾಡಿದವರು ಜಗಲಿಯಲ್ಲಿ ಆರಾಮ. ಬಿಸಿಲಲ್ಲಿ ನಿಂತು ಬೈಸಿಕೊಳ್ಳುವವರು ನಾವು.

ಆಮೇಲೆ ಒಂದು ದಿನ ಟಿವಿಯವರು ಬೊಬ್ಬೆ ಹೊಡೆದರು. ಆ ಎರಡು ದೇಶಗಳು ರಾಜಿಯಾದುವಂತೆ! ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಓಡಿ ಹೋಗಿ ನೋಡಿದೆ. ಇಬ್ಬರು ಮಂತ್ರಿಗಳು ಹಲ್ಲು ಬಿಟ್ಟು ಕೈ ಕುಲುಕುತ್ತಿದ್ದಾರೆ. ಮುಚ್ಚಿದ್ದ ರಾಯಭಾರ ಕಚೇರಿಯ ಬೀಗ ತೆಗೆಯುತ್ತಿದ್ದಾರೆ. ವಿಮಾನ ಬಿಡುತ್ತಾರಂತೆ. ನನಗೆ ಯಾರೋ ನಮ್ಮವರದೇ ಮದುವೆಯಾದಷ್ಟು ಖುಷಿ. ಇನ್ನೇನು, ನಮ್ಮ ಗೋಡೆಯೂ ಬಿತ್ತು ಎಂದುಕೊಂಡು ತಿರುಗಿ ನೋಡಿದರೆ ನಮ್ಮ ಮನೆಯವರ ಮುಖ ಹುಳಿ ಮಜ್ಜಿಗೆ ಕುಡಿದವರ ಹಾಗೆ ಆಗಿತ್ತು. "ನಮ್ಮವ್ರ್ ಬಗ್ಗಿದ್ರ್" ಎಂದರು.

"ನಮ್ಮವ್ರ್ ಯಾರ್ ಮಾರಾಯ್ರೆ? ಅದೇನ್ ನಿಮ್ಮ ಅಜ್ಜನ್ ಮನೆಯಾ?" ಎಂದು ಕೇಳಿದೆ. ಅವರು ರಿಮೋಟು ಒತ್ತಿ ಟಿವಿ ಆರಿಸಿದರು. ಮರುದಿನ ಗಿರಿಜಕ್ಕ ಹೇಳಿದಳು, ಶೆಟ್ರೂ ಅದೇ ಹೊತ್ತಿಗೆ ಟಿವಿ ಆರಿಸಿ, ಊಟ ಬೇಡವೆಂದು ಹೋಗಿ ಮಲಗಿದರಂತೆ. "ನಂಬಿ ಕೆಟ್ಟೆ ಅಂದ್ರ್ ಶಾರದಕ್ಕ. ನಾನ್ ಯಾವ್ದೋ ವ್ಯಾಪಾರದ್ ಸಂಗತಿ ಅಂದ್ಕಂಡ್ ಹೆದ್ರಿದೆ."

ನನಗೆ ಉರಿಯುವುದು ಇದಕ್ಕೇ. ಆ ದೇಶಗಳಿಗೆ ಜಗಳಕ್ಕೆ ಕಾರಣವಾದರೂ ಇತ್ತು. ಅಲ್ಲಿ ನೆಲ ಹೋಗಿತ್ತು, ಜೀವ ಹೋಗಿತ್ತು, ಎಷ್ಟೋ ತಾಯಂದಿರು ಅತ್ತಿದ್ದರು. ಅಂಥವರೇ ಎದ್ದು ಬಂದು ಕೈ ಚಾಚಿದರು. ಇವರಿಬ್ಬರ ನಡುವೆ ಹೋದದ್ದು ಏನು? ಒಂದು ಭೂಪಟ, ಒಂದು ಇಡ್ಲಿ! ಮಂತ್ರಿಗಳ ಮುಖ ನೋಡಿ ಕಲಿಯಲಾರದವರು ದಿನಾ ವಾರ್ತೆ ನೋಡುವುದಾದರೂ ಯಾವ ಸುಖಕ್ಕೆ? ಒಲೆಯ ಮುಂದೆ ನಿಂತು ಇದನ್ನೆಲ್ಲ ಗಟ್ಟಿಯಾಗಿಯೇ ಹೇಳಿದೆ. ನಮ್ಮ ಮನೆಯವರು ಪೇಪರು ಮುಖಕ್ಕೆ ಅಡ್ಡ ಹಿಡಿದು, "ಸಾರಿಗ್ ಉಪ್ಪ್ ಹಾಕಿದ್ಯಾ ಕಾಣ್" ಎಂದರು.

ಅಷ್ಟರಲ್ಲಿ ಸುಪ್ರೀತಾಳ ಮದುವೆ ನಿಶ್ಚಯವಾಯಿತು. ಬೈಂದೂರು ಕಡೆಯ ಹುಡುಗ, ಬ್ರಹ್ಮಾವರದ ಹಾಲ್‌ನಲ್ಲಿ ಮದುವೆ. ನಮ್ಮ ಕಡೆ ಮದುವೆಗೆ ಕಾಗದ ಕಳಿಸಿದರೆ ಸಾಲದು, ಹೇಳಿಕೆ ಆಗಬೇಕು. ಮದುವೆ ಮನೆಯ ಯಜಮಾನ ನಮ್ಮ ಅಂಗಳಕ್ಕೆ ಬಂದು, ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, "ಎಲ್ಲರೂ ಬರ್ಕ್" ಎಂದು ಬಾಯಿಬಿಟ್ಟು ಹೇಳಬೇಕು. ಪೇಟೆಯಲ್ಲಿ ಎದುರು ಸಿಕ್ಕಿದಾಗ ಹೇಳಿದರೆ ಅದು ಹೇಳಿಕೆಯಲ್ಲ. ಫೋನಿನಲ್ಲಿ ಹೇಳಿದರೆ ಅವಮಾನ. ಶೆಟ್ರ ಕಾರು ಹೇಳಿಕೆಗೆ ಹೊರಟು ಊರೆಲ್ಲ ಸುತ್ತಿತು, ಸಿದ್ದಾಪುರದ ಮೇಲಿನ ಗುಡ್ಡದ ಮನೆಗೂ ಹೋಗಿ ಬಂತು. ನಮ್ಮ ಗೇಟಿನ ಮುಂದೆ ಬಂದಾಗ ಮಾತ್ರ ಅದಕ್ಕೆ ಎಲ್ಲಿಲ್ಲದ ವೇಗ.

ಇತ್ತ ಮದುಮಗಳ ಬ್ಲೌಸ್ ಹೊಲಿಯುವವಳು ನಾನು! ಬೇರೆಯವರಿಗೆ ಕೊಡುವುದಿಲ್ಲವೆಂದು ಹುಡುಗಿ ಹಟ ಹಿಡಿದಿದ್ದಳು. ಬಟ್ಟೆ ಬಂದದ್ದು ಮೀನಿನ ಚೀಲದಡಿಯಲ್ಲಿ. ಅಳತೆ ತೆಗೆದದ್ದು ಕೋಟದ ಬಸ್ ಸ್ಟ್ಯಾಂಡಿನ ಹಿಂದೆ, ಕಳ್ಳರ ಹಾಗೆ. ಟೇಪು ಸುತ್ತುವಾಗ ಸುಪ್ರೀತಾ ನನ್ನ ಕೈ ಹಿಡಿದುಕೊಂಡು, "ದೊಡ್ಡಮ್ಮ, ನೀವ್ ಬರ್ದಿರೆ ನಾನ್ ಮಂಟಪ ಹತ್ತುದಿಲ್ಲೆ" ಎಂದಳು. ಬಾಯಿ ತೆರೆದರೆ ಅಳು ಬರುತ್ತಿತ್ತು. ಅದಕ್ಕೇ "ಉಸ್ರ್ ಬಿಗಿ ಹಿಡೀಬೇಡ, ಅಳತೆ ತಪ್ಪತ್ತ್" ಎಂದು ಗದರಿದೆ.

ಮನೆಗೆ ಬಂದು ಹೇಳಿದೆ: "ಹೇಳ್ಕೆ ಇರ್ಲಿ ಬಿಡ್ಲಿ, ನಾನ್ ಹೋತೆ." ನಮ್ಮ ಮನೆಯವರು ಶಾಸನ ಓದಿದ ಹಾಗೆ ಹೇಳಿದರು: "ಯಜಮಾನ್ರ್ ಬಂದ್ ಹೇಳ್ಕ್." ಅತ್ತ ಶೆಟ್ರ ವಾದ ಬೇರೆ. ತಾನು ಅಂಗಳಕ್ಕೆ ಕಾಲಿಟ್ಟಾಗ ಮಾಸ್ಟ್ರು ಎದ್ದು ಒಳಗೆ ಹೋದರೆ ತನ್ನ ಮರ್ಯಾದೆ ಏನಾಗಬೇಕು? ಸರಿ, ಬಂಗುಡೆಯ ಮೇಲೆ ಮಾತುಕತೆ ಶುರುವಾಯಿತು. ಮಾಸ್ಟ್ರು ಜಗಲಿಯಲ್ಲೇ ಇರಬೇಕು. ಒಪ್ಪಿಗೆ. ಎದ್ದು ನಿಲ್ಲಬೇಕು. ಒಪ್ಪಿಗೆ, ಆದರೆ ಶೆಟ್ರು ಗೇಟು ದಾಟಿದ ಮೇಲೆ. ಮಾಸ್ಟ್ರು ನಿಂತದ್ದು ಕಂಡ ಮೇಲೆಯೇ ಗೇಟು ದಾಟುವುದು ಎಂದು ಶೆಟ್ರು. ಗಿರಿಜಕ್ಕ ತಲೆ ಚಚ್ಚಿಕೊಂಡಳು. ಕಡೆಗೆ ದಾರಿ ತೋರಿಸಿದವಳು ಪದ್ದಕ್ಕ. "ನಾನ್ ನಡು ರಸ್ತಿಯಂಗೆ ಆಟೋ ನಿಲ್ಸಿ ಹಾರ್ನ್ ಹೊಡಿತೆ. ಅವ್ರ್ ಒಳ್ಗ್ ಬರ್ಲಿ, ಇವ್ರ್ ನಿಲ್ಲಲಿ. ಒಟ್ಟಿಗೇ ಆತ್ತಲೆ."

ಹಾಗೇ ಆಯಿತು. ಹಾರ್ನ್ ಕೇಳಿದ್ದೇ ತಡ, ಬಿಳಿ ಪಂಚೆ ಉಟ್ಟ ಶೆಟ್ರು ಗೇಟು ದಾಟಿದರು, ನಮ್ಮ ಮನೆಯವರು ಎದ್ದು ನಿಂತರು. "ಬನ್ನಿ." "ಬಂದೆ." ಅಷ್ಟೇ. ಕೂತರು. ನಾನು ಬೆಲ್ಲ ನೀರು ತಂದಿಟ್ಟೆ. ಶೆಟ್ರು ಬೆಲ್ಲದ ತುಂಡು ನೋಡಿದರು, ಇವರು ಮಾಡಿನ ಹಂಚು ನೋಡಿದರು. ಒಳಗೆ ಟಿವಿಯಲ್ಲಿ ಆ ಎರಡು ದೇಶಗಳ ಮಂತ್ರಿಗಳು ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಅದನ್ನು ಆರಿಸಲು ನಾನು ಮರೆತಿದ್ದೆ.

ಶೆಟ್ರು ಕಿಟಕಿಯಿಂದ ಇಣುಕಿ ನೋಡಿದವರು ತಡೆಯಲಾರದೆ ಹೇಳಿದರು: "ಕಂಡ್ರ್ಯಾ ಮಾಸ್ಟ್ರೇ? ನಾಚ್ಕಿ ಇಲ್ದೆ ಒಟ್ಟಿಗ್ ಕೂಕಂಡ್ ಉಂತ್ರ್!"

"ಅದೇ ಶೆಟ್ರೇ ನಾನೂ ಹೇಳುದ್!" ನಮ್ಮ ಮನೆಯವರು ಕುರ್ಚಿ ಮುಂದೆ ಎಳೆದರು. "ಇವ್ರಿಗಾಯಿ ನಾವ್ ಇಷ್ಟ್ ವರ್ಷ ಬಾಯಿ ಬಡ್ಕಂಡದ್ದ್ ಎಂತಕ್ಕ್?"

ಆಮೇಲೆ ಕೇಳಬೇಕೇ? ಇಬ್ಬರೂ ಸೇರಿ ಎರಡೂ ದೇಶಗಳನ್ನು ಬೈದರು. ಆ ಮಂತ್ರಿಗೆ ಬೆನ್ನೆಲುಬಿಲ್ಲ, ಈ ಮಂತ್ರಿಗೆ ಮಾನವಿಲ್ಲ. ಚಾ ಬಂತು. ಮತ್ತೊಮ್ಮೆ ಚಾ ಬಂತು. ಶೆಟ್ರು ತೊಡೆ ತಟ್ಟಿ ನಕ್ಕರು, ನಮ್ಮ ಮನೆಯವರು ಕಣ್ಣೊರೆಸಿಕೊಂಡು ನಕ್ಕರು. ದೀಪ ಹಚ್ಚುವ ಹೊತ್ತಿಗೆ ಶೆಟ್ರು ಎದ್ದು, "ನಾಳೆ ಬತ್ತೆ ಮಾಸ್ಟ್ರೇ" ಎಂದು ಹೋದರು. ಬಂದ ಕೆಲಸವೇ ಮರೆತು ಹೋಗಿತ್ತು. ಹೇಳಿಕೆ ಹೇಳಲೇ ಇಲ್ಲ!

"ಬಂದಾಯ್ತಲ್ದಾ, ಇನ್ನೆಂತ ಹೇಳ್ಕೆ? ಸೀದಾ ಹೋಪ" ಎಂದರು ನಮ್ಮ ಮನೆಯವರು. ನಾಲ್ಕು ವರ್ಷ ಮೀನಿನ ಆಟೋದ ಬುಡದಲ್ಲಿ ನಿಂತವಳು ನಾನು, ಸೀದಾ ಹೋಗುವವರು ಇವರು! ಮರುದಿನ ಗಿರಿಜಕ್ಕನಿಗೆ "ಶೆಟ್ರ್ ಹೇಳ್ಲೇ ಇಲ್ಲೆ" ಎಂದೆ. ಹೌದಾ, ಕಳಿಸುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಮೀನು ತೂಗಿಸುತ್ತಾ, "ಮನಿಗ್ ಬಂದ್ ಹೋಯ್ರ್ ಶಾರದಕ್ಕ, ಇನ್ನ್ ಕಾಲ್ ಹಿಡೀಕಾ?" ಎಂದಳು. ನಾನು ಬಂಗುಡೆ ವಾಪಸು ಆಟೋಕ್ಕೆ ಹಾಕಿ ಮನೆಗೆ ಬಂದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಬ್ಲೌಸನ್ನು ಪದ್ದಕ್ಕನ ಕೈಯಲ್ಲಿ ಕಳಿಸಿದೆ.

ಮದುವೆಯ ಮುಂಚಿನ ದಿನ ಸಂಜೆ ಸುಪ್ರೀತಾ ಬ್ಲೌಸ್ ಹಿಡಿದು ಓಡಿ ಬಂದಳು. ತೋಳು ಬಿಗಿ. ಜಗಲಿಯಲ್ಲಿ ಎಂದಿನಂತೆ ಇಬ್ಬರು ಗಂಡಸರ ಚಾ ನಡೆದಿತ್ತು. ನಾನು ಅಲ್ಲೇ ಮೆಟ್ಟಿಲಲ್ಲಿ ಕೂತು ಹೊಲಿಗೆ ಬಿಚ್ಚಿ ಸೂಜಿ ಹಾಕಿದೆ. "ನಾಳೆ ಬತ್ರಿ ಅಲ್ದಾ ದೊಡ್ಡಮ್ಮ?" ಎಂದು ಕೇಳಿದಳು. ನಾನು ಇನ್ನೊಂದು ಹೊಲಿಗೆ ಹಾಕಿದೆ. "ನಾನೇ ಅಂಗಳಕ್ ಬಂದ್ ಹೇಳ್ತೆ. ಇದ್ ಹೇಳ್ಕೆ ಅಲ್ದಾ?" ಎಂದಳು. ಎದ್ದು ತಬ್ಬಿಕೊಳ್ಳಬೇಕು ಎನಿಸಿತು. ಆದರೆ ನನ್ನ ಬಾಯಿಂದ ಬಂದದ್ದು, "ಯಜಮಾನ್ರ್ ಬಂದ್ ಹೇಳ್ಕ್."

ಜಗಲಿಯಲ್ಲಿ ನಗು ನಿಂತಿತು. ಶೆಟ್ರು ಚಾ ಕೆಳಗಿಟ್ಟು ಎದ್ದರು. ಚಪ್ಪಲಿ ಮೆಟ್ಟಿ, ಅಂಗಳ ದಾಟಿ, ಗೇಟಿನ ಹೊರಗೆ ರಸ್ತೆಗೆ ಹೋದರು. ಅಲ್ಲಿಂದ ತಿರುಗಿ ಮತ್ತೆ ಗೇಟು ತೆಗೆದು ಒಳಗೆ ಬಂದರು. ಚಪ್ಪಲಿ ಬಿಚ್ಚಿ, ಅಷ್ಟು ದೊಡ್ಡ ಮನುಷ್ಯ, ನನ್ನ ಮುಂದೆ ಕೈ ಮುಗಿದು ನಿಂತರು. "ಶಾರದಕ್ಕ, ನಾಳೆ ಮಗಳ್ ಮದಿ. ನೀವ್ ಮುಂದ್ ನಿಂತ್ ನಡ್ಸಿ ಕೊಡ್ಕ್."

ಸುಪ್ರೀತಾ ನನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆಯವರು ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ನಾನು ಸೂಜಿಯಿಂದ ಕಣ್ಣೆತ್ತಲಿಲ್ಲ.

"ಗಿರಿಜಕ್ಕ ಬರ್ಲಿಲ್ಯಾ?" ಎಂದೆ.