ನನಗೂ ಒಬ್ಬ ಮುತ್ತಜ್ಜ

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಪಕ್ಕದವರು ಹೊಸ ಕಾರು ಕೊಂಡರೆ ಹೇಗೋ ತಡೆದುಕೊಳ್ಳುತ್ತೇನೆ. ಕಂತು ಕಟ್ಟಿಕೊಂಡು ಒದ್ದಾಡಲಿ ಎಂದುಕೊಂಡರೆ ಸಮಾಧಾನವಾಗುತ್ತದೆ. ಆದರೆ ಪಕ್ಕದವರಿಗೆ ಒಬ್ಬ ದೊಡ್ಡ ಮುತ್ತಜ್ಜ ಇದ್ದರೆ ಏನು ಮಾಡುವುದು? ಅದು ಕಂತಿನಲ್ಲೂ ಸಿಗುವ ಮಾಲಲ್ಲ.

ಸರ್ಜಾಪುರದಲ್ಲಿ ನಾವು ಬಾಡಿಗೆಗಿರುವುದು ಮುನಿರಾಜಣ್ಣನ ಮನೆಯ ಮಹಡಿಯಲ್ಲಿ. ಈಚೆಗೆ ಅವರಲ್ಲಿಗೆ ಹೆಳವರು ಬಂದರು. ಒಂದೊಂದು ಮನೆತನದ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು, ಆಗಾಗ ಬಂದು ಮನೆಯವರೆದುರು ಓದಿ, ದಾನ ಪಡೆದು ಹೋಗುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರಂತೆ, ಇವರು ವ್ಯಾನಿನಲ್ಲಿ ಬಂದಿದ್ದರು. ನಾನು ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡೆ. ಊರ ಮುಂದಿನ ಕೆರೆ ಕಟ್ಟಿಸಿದವನೇ ಮುನಿರಾಜಣ್ಣನ ಮುತ್ತಜ್ಜನಂತೆ! ಮರುದಿನದಿಂದ ಆ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವುದನ್ನೇ ಬಿಟ್ಟೆ. ಅತ್ತಿಬೆಲೆ ಕಡೆ ಬೇರೆ ಮನೆ ನೋಡೋಣವೆಂದು ಹೆಂಡತಿಗೂ ಹೇಳಿದೆ. ಇಲ್ಲಿ ನೀರು ಚೆನ್ನಾಗಿ ಬರುತ್ತದಲ್ಲ ಎಂದಳು. ಆ ನೀರೂ ಆ ಮುತ್ತಜ್ಜನ ಪುಣ್ಯವೇ ಇರಬೇಕೆಂದು ಇನ್ನಷ್ಟು ಉರಿಯಿತು.

ನಮಗೂ ಹೆಳವರಿದ್ದಾರೆ, ಹಾವೇರಿ ಕಡೆಯವರು. ದೊಡ್ಡಪ್ಪನಿಗೆ ಫೋನ್ ಮೇಲೆ ಫೋನ್ ಮಾಡಿ ಅವರನ್ನು ಕರೆಸಿದೆ. ನನ್ನ ಮುತ್ತಜ್ಜ ಚೆನ್ನಬಸಪ್ಪ ಕೆರೆಯಲ್ಲದಿದ್ದರೆ ಒಂದು ಗುಡಿಯನ್ನಾದರೂ ಕಟ್ಟಿಸಿರುತ್ತಾನೆಂಬ ಧೈರ್ಯದಲ್ಲಿ ಮುನಿರಾಜಣ್ಣನನ್ನೂ ಕಾಫಿಗೆ ಕರೆದು ಎದುರಿಗೇ ಕೂರಿಸಿದೆ. ಅಲ್ಲೇ ಎಡವಿದ್ದು. ಹೆಳವರು ಓದಲು ಕೂತರೆ ಒಳ್ಳೆಯದು ಕೆಟ್ಟದ್ದು ಯಾವುದನ್ನೂ ಬಿಡುವುದಿಲ್ಲ.

ಚೆನ್ನಬಸಪ್ಪನ ಹೆಸರು ಬಂದದ್ದೇ ನಾನು ನೆಟ್ಟಗೆ ಕೂತೆ.

"ಎದುರಿನ ಮನಿಯವ್ರು ಮಾಳಿಗಿ ಕಟ್ಟಿಸಿದ್ದು ನೋಡಲಾರದ, ಹೊಟ್ಟಿಕಿಚ್ಚಿಗೆ ಇದ್ದ ಮನಿ ಬಿಟ್ಟು ಬ್ಯಾರೆ ಊರಿಗೆ ಹೋದ್ರು," ಎಂದು ಹೆಳವರು ಗಟ್ಟಿಯಾಗಿ ಓದಿದರು.

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಮುನಿರಾಜಣ್ಣ ಮಾತ್ರ ನಗಲಿಲ್ಲ. ಲೋಟ ಕೆಳಗಿಟ್ಟು, ಪಾಪ, ನಿಜವಾದ ಕಾಳಜಿಯಿಂದಲೇ ಕೇಳಿದರು: "ಅತ್ತಿಬೆಲೆ ಕಡೆ ಮನೆ ನೋಡ್ತಾವ್ರೆ ಅಂತ ಮೇಡಮ್ಮು ಹೇಳ್ತಿದ್ರು. ಅಂಗಾರೆ ನೀವೂ ಖಾಲಿ ಮಾಡ್ತೀರಾ ಸಾರ್?"

ಇಲ್ಲ ಇಲ್ಲ ಎಂದೆ. ಹೆಳವರಿಗೆ ಪಂಚೆ, ಶಲ್ಯ ಕೊಟ್ಟು ಕಳಿಸಿ ಬಾಗಿಲು ಹಾಕಿಕೊಂಡ ಮೇಲೂ ಮುತ್ತಜ್ಜನ ಮೇಲಿನ ಉರಿ ಆರಲಿಲ್ಲ. ಮರ್ಯಾದೆ ತೆಗೆದನೆಂದಲ್ಲ. ಹೊಟ್ಟೆಕಿಚ್ಚಿಗೆ ಬಿಟ್ಟು ಹೋಗಲು ಅವನಿಗಾದರೂ ಸ್ವಂತದ್ದೊಂದು ಮನೆಯಿತ್ತು.