ಅತ್ತಿಯ ಮಲ್ಲಿಗಿಗೆ ಮಾಲಿ ಹುಡುಕಿದ್ದು

ನಮ್ಮ ಮನಿಗೆ ಬಂದ ಮಾಲಿ ಯಾರೇ ಇರಲಿ, ಹೋಗುವಾಗ ಒಂದು ಕಥಿ ಬಿಟ್ಟೇ ಹೋಗ್ಯಾನ. ನಾನು ಕೊಪ್ಪಳದಾಗ ಹೈಸ್ಕೂಲ್ ಟೀಚರ್. ಮನಿ ಮುಂದ ಸಣ್ಣ ಅಂಗಳ, ಅದರಾಗ ಕರಿಬೇವು, ದಾಸವಾಳ, ನಿಂಬಿ. ಏನಿದ್ರೂ ನಮ್ಮ ಜೀವ ಇರೋದು ಒಂದು ದುಂಡುಮಲ್ಲಿಗಿ ಗಿಡದಾಗ. ನಮ್ಮ ಅತ್ತಿ ಹಚ್ಚಿದ ಗಿಡ. ಅವರು ತೀರಿಕೊಂಡು ವರ್ಷ ತುಂಬೋದ್ರಾಗ ಎಲಿ ಹಳದಿ ಆಗಿ ಉದುರಾಕ ಹತ್ತಿದ್ವು, ಮೊಗ್ಗು ಅಂತೂ ಒಂದೂ ಇಲ್ಲ. ಹೆಂಗರೆ ಮಾಡಿ ಅದನ್ನ ಉಳಿಸಬೇಕು ಅಂತ ನನಗ ಹಟ. ನಮ್ಮ ಮನಿಯವರು ದಿನಾ ಮುಂಜಾನೆ ಆ ಗಿಡದ ಮುಂದ ಹೋಗಿ ನಿಂತು ಬರತಿದ್ರು. ಅವರ ತಾಯಿ ಗಿಡ ಅಲ್ಲೇನ್ರಿ.

ಹಗಲೆಲ್ಲಾ ಮನ್ಯಾಗ ಯಾರೂ ಇರಂಗಿಲ್ಲ. ಹಂಗಾಗಿ ಕೆಲಸ ಗೊತ್ತಿರಬೇಕು, ಗೇಟಿನ ಕೀಲಿ ಕೊಡುವಷ್ಟು ನಂಬಿಗಸ್ತನೂ ಆಗಿರಬೇಕು. ಅಂಥವರನ್ನ ಹುಡುಕಾಕ ಹೊಂಟೆ.

೧. ಗಂಗಾವತಿಯವ

ಮೊದಲನೆಯವ ಕಾಲುವಿ ನೀರಿನ ಊರವ. ಹುಟ್ಟಿದಾಗಿಂದ ಭತ್ತದ ಗದ್ದಿ ಬಿಟ್ಟು ಬ್ಯಾರೆ ನೋಡಿಲ್ಲ. ಮಲ್ಲಿಗಿ ಸುತ್ತ ಒಡ್ಡು ಹಾಕಿ, ಪೈಪ್ ಬಿಟ್ಟು, ಕಟ್ಟಿ ಮ್ಯಾಲ ಆರಾಮ ಕುಂತಾನ. ನಾನು ಸಾಲಿಯಿಂದ ಬರೋದ್ರಾಗ ಅಂಗಳ ಕೆರಿ ಆಗಿತ್ತು. ನನ್ನ ಹವಾಯಿ ಚಪ್ಪಲಿ ತೇಲಿಕೋತ ಗೇಟಿನ ಕಡೆ ಹೊಂಟಿತ್ತು. ನಮ್ಮ ಓಣ್ಯಾಗ ನಳ ಬರೋದು ವಾರಕ್ಕೊಮ್ಮೆ, ಟಾಕಿ ನೋಡಿದ್ರ ಖಾಲಿ. ಸಿಟ್ಟಿಲೆ ಕೇಳಿದೆ, ಇದೇನು ಮಾಡೀಪಾ ಅಂತ. ಅಂವ ಮೂಲ್ಯಾಗ ಬಂದು ನಿಂತಿದ್ದ ಒಂದು ಬೆಳ್ಳಕ್ಕಿ ಕಡೆ ಕೈ ಮಾಡಿದ.

"ಅಕ್ಕಾರ, ಅದು ಬಂತಂದ್ರ ನೀರು ಹದಕ್ಕ ಬಂದೈತಿ ಅಂತ ತಿಳೀರಿ."

೨. ಯಲಬುರ್ಗಾದವರು

ಎರಡನೆಯವರು ವಯಸ್ಸಾದವರು, ಕರಿ ಮಣ್ಣಿನ ಎರಿ ಹೊಲದಾಗ ಮಳಿ ನಂಬಿ ದುಡಿದವರು. ಒಂದು ತಂಬಗಿ ನೀರು ತಗೊಂಡು ನಾಕೂ ಗಿಡಕ್ಕ ತೀರ್ಥ ಕೊಟ್ಟಂಗ ಹಂಚಿದ್ರು. ನಾನು ಒಂದು ಬಕೀಟು ತುಂಬಿ ಕೊಟ್ರ ಅದನ್ನ ಮುಚ್ಚಿ ಬದಿಗಿಟ್ರು. ನೀರಡಿಸಿದ್ರ ಬೇರು ತಾನ ಕೆಳಗ ಹುಡುಕ್ಕೊಂತ ಹೋಗತೈತಿ, ಮುದ್ದು ಮಾಡಿ ಕೆಡಸಬಾರದು ಅಂದ್ರು. ನನ್ನ ಕ್ಲಾಸಿನ ಹುಡುಗರು ನೆನಪಾದ್ರು. ಮಾತು ಖರೇನ ಅನಿಸ್ತು. ಆದ್ರ ವಾರದಾಗ ಮಲ್ಲಿಗಿ ಇನ್ನಷ್ಟು ಸೊರಗಿತು.

ಕಡೀ ದಿನ ಸಂಜಿಕ ಹೊಂಟಾಗ ಅವರು ನನ್ನ ಕಡೆಯಿಂದ ಎರಡು ತಂಬಗಿ ನೀರು ಇಸ್ಕೊಂಡು ಗಟಗಟ ಕುಡಿದ್ರು. ನಿಮಗ ಬೇರು ಇಲ್ಲೇನ್ರಿ ಯಜಮಾನ್ರ, ಅಂತ ಕೇಳಿದೆ.

"ನಾವು ತಿರುಗಾಡಬೇಕಲ್ಲವಾ. ಗಿಡಕ್ಕ ಏನು, ಕುಂತ ಕೆಲಸ."

೩. ಹನುಮನಹಳ್ಳಿಯವ

ಇವನ ಕಥಿ ಭಾಳ ಇಲ್ಲ. ಪ್ರವಾಸಿಗರು ಇಳಿಯೋ ಜಾಗದಾಗ ಕೆಲಸ ಮಾಡಿ ಬಂದಾಂವ. ದಾಸವಾಳ ಕತ್ತರಿಸಿ ಚೆಂಡು ಮಾಡಿದ, ಕಲ್ಲಿಗೆಲ್ಲಾ ಸುಣ್ಣ ಬಳದ. ಮಲ್ಲಿಗಿ ಕಡೆ ತಿರುಗಿನೂ ನೋಡಲಿಲ್ಲ. ಎರಡನೇ ದಿನ ಬಂದು, ಮಂದಿ ಫೋಟೋ ತಗಸ್ಕೊಳ್ಳೋದು ಯಾವ ಕಡೆ ನಿಂತು ಅಂತ ನನ್ನ ಕೇಳಿದ.

೪. ಕುಷ್ಟಗಿ ಚಾಚಾ

ಇಷ್ಟೊತ್ತಿಗೆ ಗಿಡದಾಗ ಹಸಿರು ಉಳಿದಿದ್ದು ಎರಡೇ ಟೊಂಗಿ. ನನಗ ಅಳು ಬರೋದೊಂದು ಬಾಕಿ. ಆಗ ಬಾಜು ಮನಿಯವರು ಕುಷ್ಟಗಿ ಕಡೆ ಚಾಚಾ ಒಬ್ಬರನ್ನ ಕರಕೊಂಡು ಬಂದ್ರು. ಜೀವಮಾನವೆಲ್ಲಾ ಸಸಿ ಬೆಳಸಿ ಸಂತ್ಯಾಗ ಮಾರಿದವರು. ಚಾಚಾ ಸಲಿಕಿ ಮುಟ್ಟಲಿಲ್ಲ. ಬುಡದ ಮಣ್ಣು ಒಂದು ಚಿಟಿಕಿ ತಗೊಂಡು ಮೂಸಿ ನೋಡಿದ್ರು. ಆಮ್ಯಾಲ ಮನಿ ಮಂದಿನ್ನೆಲ್ಲಾ ಕರೀರಿ ಅಂದ್ರು.

ಒಬ್ಬೊಬ್ಬರನ್ನ ನಿಲ್ಲಿಸಿ ಕೇಳಿದ್ರು, ಗಿಡಕ್ಕ ಏನು ಹಾಕತೀರಿ ಅಂತ. ನಾನು ದಿನಾ ಅಕ್ಕಿ ತೊಳೆದ ನೀರು, ಮ್ಯಾಲ ಒಂದು ಮುಷ್ಟಿ ಗೊಬ್ಬರ ಅಂದೆ. ಮಗಳು ಫೋನ್ ನೋಡಿ ಕಲತು ಉಳ್ಳಾಗಡ್ಡಿ ಸಿಪ್ಪಿ ನೀರು ಹಾಕತಿದ್ದಳಂತ. ನನಗ ಗೊತ್ತಿರಲಿಲ್ಲ. ನಮ್ಮ ಮನಿಯವರು ಮಾತ್ರ ನೆಲ ನೋಡಿಕೋತ ನಿಂತಿದ್ರು. ಚಾಚಾ ಇನ್ನೊಮ್ಮೆ ಕೇಳಿದ್ರು.

"ಚಾ," ಅಂದ್ರು ನಮ್ಮವರು. "ಮುಂಜಾನೆ ನನ್ನ ಕಪ್ಪಿನಾಗಿಂದ ಅರ್ಧ ಹಾಕತೀನ್ರಿ. ನಮ್ಮವ್ವಗ ಚಾ ಭಾಳ ಸೇರತಿತ್ತು."

ಇಪ್ಪತ್ತು ವರ್ಷ ಸಂಸಾರ ಮಾಡೀನಿ, ಈ ಮನಷ್ಯಾ ಸತ್ತ ತಾಯಿಗೆ ದಿನಾ ಚಾ ಕುಡಿಸಾಕ ಹತ್ಯಾನ ಅನ್ನೋದು ನನಗ ತಿಳಿದೇ ಇರಲಿಲ್ಲ. ಹಾಲು, ಸಕ್ರಿ, ಯಾಲಕ್ಕಿ ಎಲ್ಲಾ ಹಾಕಿದ ಚಾ ಅದು.

ಚಾಚಾ ನಗಲಿಲ್ಲ. "ಗಿಡಕ್ಕ ಯಾವ ರೋಗನೂ ಇಲ್ಲರಿ," ಅಂದ್ರು, "ಮನಿ ಮಂದಿ ಜಾಸ್ತಿ ಆಗ್ಯಾರ. ಇವತ್ತಿನಿಂದ ನಿಮ್ಮ ಕೈ ಯಾವುದೂ ಇದಕ್ಕ ಹತ್ತಬಾರದು." ನಮ್ಮವರ ಮಾರಿ ಸಣ್ಣದಾತು. ಅದನ್ನ ನೋಡಿ ಚಾಚಾ, ಚಾ ತರೋದು ಬಿಡಬ್ಯಾಡ್ರಿ, ಗಿಡದ ಬಾಜುಕ ನಾನು ಕುಂತಿರತೀನಿ, ನನ್ನ ಕೈಯಾಗ ಕೊಡ್ರಿ ಅಂದ್ರು. ಆವತ್ತೇ ನಾನು ಗೇಟಿನ ಕೀಲಿ ಅವರ ಕೈಗೆ ಕೊಟ್ಟೆ.

ಚಾಚಾ ಹಳೇ ಮಣ್ಣು ತಗದು ಹೊಸ ಮಣ್ಣು ತುಂಬಿದ್ರು. ದಿನಾ ಮುಂಜಾನೆ ನಮ್ಮವರು ಅರ್ಧ ಕಪ್ ಒಯ್ದು ಕೊಡೋದು, ಚಾಚಾ ಗಿಡಕ್ಕ ಬೆನ್ನು ಮಾಡಿ ಕುಂತು ಕುಡಿಯೋದು. ಬ್ಯಾಸಿಗಿ ಹೊತ್ತಿಗೆ ಮೊಗ್ಗು ಬಂದ್ವು. ಮೊದಲನೇ ಹೂವು ಚಾಚಾ ಮುಟ್ಟಲಿಲ್ಲ, ಮನಿ ಮಂದೀನ ಹರೀಬೇಕು ಅಂದ್ರು. ನಮ್ಮವರು ಹರಿದು ತಾಯಿ ಫೋಟೋಕ್ಕ ಏರಿಸಿದ್ರು, ಇಬ್ಬರೂ ಅತ್ವಿ.

ಮರುದಿನ ಮುಂಜಾನೆ ಚಾಚಾ ಒಂದು ಗುಟುಕು ಕುಡಿದು ಕಪ್ ಕೆಳಗಿಟ್ರು. ಹಿಂದಕ್ಕ ತಿರುಗಿ ಗಿಡದ ಕಡೆ ಒಮ್ಮೆ ನೋಡಿದ್ರು, ಆಮ್ಯಾಲ ನಮ್ಮವರಿಗೆ ಮೆಲ್ಲಕ ಅಂದ್ರು:

"ಸಾಹೇಬ್ರ, ಅವ್ವಾರು ಸಕ್ರಿ ಕಡಿಮಿ ಆತು ಅನ್ನಾಕ ಹತ್ಯಾರ."

ನಮ್ಮ ಮನಿಯವರು ಒಳಗ ಓಡಿ ಹೋಗಿ ಸಕ್ರಿ ಡಬ್ಬೀನ ಎತ್ತಿಕೊಂಡು ಬಂದ್ರು.